ಸೈಟು ಮಾರೋರು ಒಂದು ದಿಕ್ಕು, ಮನೆ ಕಟ್ಟೋರು ಒಂದು ದಿಕ್ಕು: ಹಾಸನದಲ್ಲಿ ಕಟ್ಟಡ ನಿಯಮ ತಪ್ಪೋದು ಎಲ್ಲಿ?

ಮಟ್ಟಗೋಲು (ಹಾಸನ, ಸಿವಿಲ್ ಗುತ್ತಿಗೆ):

ಎಲ್ಲರಿಗೂ ನಮಸ್ಕಾರ. ಹದಿನೆಂಟು ವರ್ಷದಿಂದ ಹಾಸನದಲ್ಲಿ ಮನೆ ಕಟ್ಟಿಸ್ತಿದ್ದೀನಿ. ತುಂಬಾ ದಿನದಿಂದ ಹೊಟ್ಟೆಯಲ್ಲಿದ್ದ ಮಾತು, ಹೋದ ವಾರ ತಡೆಯೋಕಾಗಲಿಲ್ಲ, ಬರೀತಿದ್ದೀನಿ. ಉದ್ದ ಆದ್ರೆ ಬೇಜಾರು ಮಾಡ್ಕೋಬೇಡಿ.

ಸಾಲಗಾಮೆ ರಸ್ತೆ ಕಡೆ ಒಂದು ಹೊಸ ಲೇಔಟಲ್ಲಿ ಪಾಯ ಗುರುತು ಹಾಕೋಕೆ ಹೋಗಿದ್ದೆ. ಓನರ್ ಕೇಳಿದ ಮೊದಲ ಪ್ರಶ್ನೆ, ವಾಸ್ತು ಲೆಕ್ಕದ ಆಯ ಕೂಡಿದೆಯಾ? ಕೂಡಿದೆ ಸಾರ್, ಧ್ವಜಾಯ. ಎರಡನೇ ಪ್ರಶ್ನೆ, ಪ್ಲಿಂತ್, ಅಂದ್ರೆ ನೆಲದ ಮೇಲೆ ಏಳೋ ಪಾಯದ ಕಟ್ಟೆ, ಎಷ್ಟು ಎತ್ತರ ಇಡ್ತೀರಿ? ಅದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಯಾಕಂದ್ರೆ ರಸ್ತೆಯೇ ಇನ್ನೂ ಪೂರ್ತಿ ಆಗಿಲ್ಲ. ಜಲ್ಲಿ ಹಾಸಿ ರೋಲರ್ ಓಡಿಸಿ ಬಿಟ್ಟಿದ್ದಾರೆ. ಮೇಲೆ ಇನ್ನೆಷ್ಟು ಬರುತ್ತೆ, ಚರಂಡಿ ಯಾವ ಕಡೆಗೆ ಇಳಿಯುತ್ತೆ ಅಂತ ಕೇಳೋಕೆ ಲೇಔಟ್ ಆಫೀಸಿಗೆ ಫೋನ್ ಮಾಡಿದೆ. 'ಅಪ್ರೂವ್ಡ್ ಪ್ಲಾನ್ ಇದೆಯಲ್ಲಾ ಸಾರ್, ನೋಡ್ಕೊಳಿ' ಅಂದ್ರು. ನೋಡಿದೆ. ಸೈಟಿನ ಉದ್ದಗಲ ಇದೆ, ರಸ್ತೆ ಅಗಲ ಇದೆ, ಪಾರ್ಕು, ಸಿಎ ಸೈಟು (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಎಲ್ಲಾ ಇದೆ. ಲೆವೆಲ್, ಅಂದ್ರೆ ಎತ್ತರದ ಮಟ್ಟ, ಮಾತ್ರ ಒಂದೂ ಇಲ್ಲ.

ಅಕ್ಕಪಕ್ಕ ನಾಲ್ಕು ಮನೆ ಎದ್ದಿದಾವೆ. ನಮ್ಮ ಮೇಸ್ತ್ರಿ ಟ್ಯೂಬ್ ಲೆವೆಲ್ (ನೀರು ತುಂಬಿ ಮಟ್ಟ ನೋಡೋ ಪೈಪು) ಹಿಡಿದು ನಾಲ್ಕನ್ನೂ ನೋಡಿದ. ಒಂದು ಒಂದೂವರೆ ಅಡಿ, ಒಂದು ಎರಡು ಕಾಲು, ಒಂದು ಮೂರು. ಮೂಲೆ ಮನೆಯವರು ಮೂರೂವರೆ ಎತ್ತಿಸಿದ್ದಾರೆ, ಮುಂದೆ ರಸ್ತೆ ಎತ್ತರ ಆದ್ರೆ ನಮಗೆ ನೀರು ನುಗ್ಗಬಾರದು ಅಂತ. ಅಷ್ಟು ಎತ್ತರಕ್ಕೆ ಕಾರು ಹತ್ತಬೇಕಲ್ಲ? ರಾಂಪು ಚರಂಡಿ ಮೇಲೆ ಹಾದು ರಸ್ತೆಗೆ ಐದಡಿ ಬಂದಿದೆ. ಕೆಳಗೆ ಚರಂಡಿಗೆ ಅಂತ ಆರಿಂಚಿನ ಪೈಪ್ ಇಟ್ಟು ಕಾಂಕ್ರೀಟ್ ಹಾಕಿದ್ದಾರೆ. ಮೊದಲ ಮಳೆಗೇ ಆ ಪೈಪು ಕಟ್ಟಿಕೊಂಡಿದೆ, ನೀರು ಒಂದೂವರೆ ಅಡಿ ಮನೆಯವರ ಗೇಟಿಗೆ ಬಂದು ನಿಂತಿದೆ.

ತಮಾಷೆ ಏನು ಗೊತ್ತಾ? ನಿಯಮ ಪಾಲಿಸಿದೋರು ಆ ಒಂದೂವರೆ ಅಡಿಯವರೇ. ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಪ್ಲಿಂತ್ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ. ಎತ್ತರ ಇರಬೇಕು ಅಂತಿದೆ. ಅದೇ ಒಂದೂವರೆ ಅಡಿ. ಆದ್ರೆ ಸುತ್ತಲಿನ ನೆಲ ಅಂದ್ರೆ ಯಾವ ನೆಲ? ಇವತ್ತಿನ ಜಲ್ಲಿಯಾ, ನಾಳೆಯ ಡಾಂಬರಾ?

ನನ್ನ ಮಾತು ಇಷ್ಟೇ. ನಾವು ಗುತ್ತಿಗೆದಾರರು, ಇಂಜಿನಿಯರುಗಳು ಒಂದು ಸಂಘ. ಲೇಔಟ್ ಮಾಡೋರದ್ದು ಇನ್ನೊಂದು ಗುಂಪು. ದೇಶದ ಮಟ್ಟದಲ್ಲೂ ಹಂಗೇ, ಗುತ್ತಿಗೆದಾರರ ಬಿಲ್ಡರ್ಸ್ ಅಸೋಸಿಯೇಷನ್ 1941ರದ್ದು, ರಿಯಲ್ ಎಸ್ಟೇಟ್‌ನವರ ಕ್ರೆಡಾಯ್ 1999ರದ್ದು. ಸಿಮೆಂಟ್ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಾಗ ಇಬ್ಬರೂ ಖುಷಿಪಟ್ಟರು. ದುಡ್ಡಿನ ವಿಷಯಕ್ಕೆ ಒಂದೇ ದನಿ, ಚರಂಡಿ ವಿಷಯಕ್ಕೆ ಬಂದ್ರೆ ನೀನ್ಯಾರೋ ನಾನ್ಯಾರೋ. ಹಾಸನದಲ್ಲಿ ಇಬ್ಬರೂ ಒಂದು ಟೇಬಲ್‌ಗೆ ಕೂತು ಕಟ್ಟಡ ನಿಯಮದ ಬಗ್ಗೆ ಮಾತಾಡೋಕೆ ಆಗುತ್ತಾ? ಬೈಯೋರು ಬೈರಿ, ಉಪಯೋಗಕ್ಕೆ ಬರೋದನ್ನೂ ಬರೀರಿ.

ಹೇಮಾವತಿನಗರದವಳು:

ಸಾರ್, ನಾನು ಕಟ್ಟೋಳೂ ಅಲ್ಲ ಮಾರೋಳೂ ಅಲ್ಲ, ನಿಮ್ಮಿಬ್ಬರ ಮಧ್ಯೆ ಸಿಕ್ಕಿಕೊಂಡು ಕಂತು ಕಟ್ಟೋಳು. 'ಇಬ್ಬರೂ ಒಟ್ಟಿಗೆ ಕೂತು' ಅಂದ ತಕ್ಷಣ ನಂಗೆ ಭಯ ಆಗುತ್ತೆ. ನೀವಿಬ್ಬರು ಒಟ್ಟಾದ್ರೆ ಕೇಳೋದು ಏನು? ಸೆಟ್‌ಬ್ಯಾಕ್ ಅಂದ್ರೆ ಮನೆ ಸುತ್ತ ಬಿಡೋ ಜಾಗ ಕಮ್ಮಿ ಮಾಡಿ, ಇನ್ನೊಂದು ಮಹಡಿ ಕೊಡಿ, ಪಾರ್ಕಿಂಗ್ ಬಿಟ್ಟುಬಿಡಿ. ನಮ್ಮ ಪಕ್ಕದ ಕಟ್ಟಡದಲ್ಲಿ ಗೋಡೆಗೂ ಕಾಂಪೌಂಡಿಗೂ ಮಧ್ಯೆ ಒಂದು ಬೆಕ್ಕು ಹೋಗೋ ಜಾಗ ಇದೆ. ಅವರ ಅಡುಗೆಮನೆ ಎಗ್ಸಾಸ್ಟ್ ಫ್ಯಾನ್ ನಮ್ಮ ದೇವರ ಮನೆ ಕಿಟಕಿಗೆ ನೇರ. ಬೆಳಗ್ಗೆ ದೀಪ ಹಚ್ಚೋ ಹೊತ್ತಿಗೆ ಸರಿಯಾಗಿ ಮೀನಿನ ಒಗ್ಗರಣೆ.

ಮಟ್ಟಗೋಲು:

ಮೇಡಂ, ನಗು ಬಂತು, ಕ್ಷಮಿಸಿ. ಆದ್ರೆ ಭಯ ನ್ಯಾಯವಾದದ್ದೇ. ಸಡಿಲ ಮಾಡಿ ಅಂತ ಕೇಳೋ ಸಭೆ ಆದ್ರೆ ನಾನೇ ಬರಲ್ಲ.

ಸರ್ವೆನಂಬರ್ (ಲೇಔಟ್ ಡೆವಲಪರ್):

ನಾನು ಲೇಔಟ್ ಮಾಡೋನು. ಬೈಸಿಕೊಳ್ಳೋಕೆ ರೆಡಿಯಾಗೇ ಬಂದಿದ್ದೀನಿ.

ಮೊದಲು ನಮ್ಮ ಕಡೆಯದ್ದೂ ಸ್ವಲ್ಪ ಕೇಳಿ. ಜಮೀನು ಕೊಂಡು, ಕೃಷಿಯಿಂದ ವಸತಿಗೆ ಕನ್ವರ್ಷನ್ ಮಾಡಿಸಿ, ನಕ್ಷೆ ಮಂಜೂರಾಗಿ, ರಸ್ತೆ, ಪಾರ್ಕು, ಸಿಎ ಜಾಗ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟು, ಆಮೇಲೆ ಕೆಲಸ ಆದಂಗೆಲ್ಲಾ ಹಂತಹಂತವಾಗಿ ಸೈಟು ಬಿಡುಗಡೆ. 500 ಚದರ ಮೀಟರ್ ದಾಟಿದ್ರೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ. ಗಿರಾಕಿ ಕೊಟ್ಟ ದುಡ್ಡಿನಲ್ಲಿ ನೂರಕ್ಕೆ 70 ಬೇರೆ ಖಾತೆಯಲ್ಲಿ ಇಡಬೇಕು, ಇಂಜಿನಿಯರು, ಆರ್ಕಿಟೆಕ್ಟು, ಚಾರ್ಟರ್ಡ್ ಅಕೌಂಟೆಂಟು ಮೂವರೂ ಸರ್ಟಿಫಿಕೇಟ್ ಕೊಟ್ಟ ಮೇಲೇ ತೆಗೀಬೇಕು. ಇಷ್ಟೆಲ್ಲಾ ಮಾಡಿದೋನ ಪಕ್ಕದ ಹೊಲದಲ್ಲಿ ಒಬ್ಬ ಕನ್ವರ್ಷನ್ನೂ ಇಲ್ಲದೆ ಸುಣ್ಣದಲ್ಲಿ ಗೆರೆ ಎಳೆದು ರೆವಿನ್ಯೂ ಸೈಟು ಅಂತ ಅರ್ಧ ರೇಟಿಗೆ ಮಾರ್ತಾನೆ. ಜನ ಅಲ್ಲಿಗೇ ಹೋಗ್ತಾರೆ. ಅಲ್ಲೂ ಮನೆ ಕಟ್ಟಿಕೊಡೋದು ನಿಮ್ಮ ಗುತ್ತಿಗೆದಾರರೇ ಅಲ್ವಾ ಸಾರ್?

ಲೆವೆಲ್ ವಿಷಯಕ್ಕೆ ಬಂದ್ರೆ ತಪ್ಪು ಒಪ್ಕೊಳ್ತೀನಿ. ನಮ್ಮ ಸರ್ವೆಯವರು ಅಳತೆ ಯಂತ್ರ ಟೋಟಲ್ ಸ್ಟೇಷನ್‌ನಲ್ಲಿ ಕಾಂಟೂರ್, ಅಂದ್ರೆ ನೆಲದ ಏರಿಳಿತದ ಗೆರೆ, ತೆಗೆದಿರ್ತಾರೆ, ಚರಂಡಿ ಇಳಿಜಾರಿನ ಲೆಕ್ಕಾನೂ ಇರುತ್ತೆ. ಅದು ಇಂಜಿನಿಯರ್ ಲ್ಯಾಪ್‌ಟಾಪಲ್ಲಿ ಇರುತ್ತೆ. ಸೈಟು ಕೊಂಡೋರು ಯಾವತ್ತೂ ಕೇಳಿಲ್ಲ, ನಾವೂ ಯಾವತ್ತೂ ಕೊಟ್ಟಿಲ್ಲ. ಕೇಳೋದು ಮೂರೇ: ಯಾವ ದಿಕ್ಕು, ಬ್ಯಾಂಕ್ ಲೋನ್ ಆಗುತ್ತಾ, ಲಾಸ್ಟ್ ರೇಟ್ ಎಷ್ಟು.

ಮಟ್ಟಗೋಲು:

ಲ್ಯಾಪ್‌ಟಾಪಲ್ಲಿ ಇದೆ ಅಂದ್ರಲ್ಲ, ಅಲ್ಲೇ ಇರೋದು ಕಣ್ರೀ ಸಮಸ್ಯೆ. ರೆವಿನ್ಯೂ ಸೈಟಲ್ಲಿ ಕಟ್ಟಿಕೊಡ್ತೀವಿ ಅನ್ನೋದೂ ನಿಜ. ನಾನೂ ಕಟ್ಟಿದ್ದೀನಿ. ನಾನು ಬೇಡ ಅಂದ್ರೆ ಹಿಂದೆ ಹತ್ತು ಜನ ಇರ್ತಾರೆ ಅಂತ ಸಮಾಧಾನ ಮಾಡ್ಕೊಂಡಿದ್ದೀನಿ.

ಹಳದಿಹಸಿರು:

ನಗರ ಯೋಜನೆ ಕೆಲಸದಲ್ಲಿದ್ದು ನಿವೃತ್ತನಾದವನು. ಹೆಸರು ಬೇಡ.

ಮಾಸ್ಟರ್ ಪ್ಲಾನ್ ಕರಡು ಪ್ರಕಟ ಆದಾಗ 1961ರ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಸಾರ್ವಜನಿಕರಿಗೆ 60 ದಿನ ಕೊಡ್ತಾರೆ, ಆಕ್ಷೇಪಣೆ, ಸಲಹೆ ಸಲ್ಲಿಸೋಕೆ. ನನ್ನ ಸರ್ವೀಸಲ್ಲಿ ಇಂಥ ಅರ್ಜಿ ಕಟ್ಟುಗಟ್ಟಲೆ ಓದಿದ್ದೀನಿ. ಹೆಚ್ಚುಕಮ್ಮಿ ಎಲ್ಲದರಲ್ಲೂ ಒಂದೇ ಸಾಲು: 'ನನ್ನ ಸರ್ವೆ ನಂಬರನ್ನು ಹಸಿರಿನಿಂದ ಹಳದಿ ಮಾಡಿಕೊಡಿ.' ನಕ್ಷೆಯಲ್ಲಿ ಹಸಿರು ಅಂದ್ರೆ ಕೃಷಿ, ಹಳದಿ ಅಂದ್ರೆ ವಸತಿ, ಗೊತ್ತಿಲ್ಲದವರಿಗೆ ಹೇಳಿದೆ. ರಸ್ತೆ ಮಟ್ಟ, ಮಳೆನೀರು ಕಾಲುವೆ, ಸೈಟಿನ ಅಳತೆ ಇದರ ಬಗ್ಗೆ ಕಟ್ಟೋ ಜನರಿಂದ ಬಂದ ಅರ್ಜಿ ಕೈಬೆರಳಲ್ಲಿ ಎಣಿಸಬಹುದು. ಕಟ್ಟಡ ಉಪವಿಧಿ (ಬೈಲಾ) ಕರಡು ಬಂದಾಗಲೂ ಅದೇ ಕತೆ.

ಸೈಟಿನ ಅಳತೆ ಅಂದೆ. ಒಂದು ಲೆಕ್ಕ ಹಾಕೋಣ. ಸೆಟ್‌ಬ್ಯಾಕ್ ಸೈಟಿನ ಅಳತೆ, ಎತ್ತರದ ಮೇಲೆ ಬದಲಾಗುತ್ತೆ, ಲೆಕ್ಕಕ್ಕೆ ಸುಲಭ ಆಗಲಿ ಅಂತ ಸುತ್ತ ಒಂದೊಂದು ಮೀಟರ್ ಬಿಡಬೇಕು ಅಂತ ಇಟ್ಕೊಳ್ಳಿ. 30x40 ಸೈಟು 1200 ಚದರ ಅಡಿ. ಸುತ್ತ ಬಿಟ್ಟ ಮೇಲೆ ಉಳಿಯೋದು 780 ಚದರ ಅಡಿ ಚಿಲ್ಲರೆ, ಮೂರರಲ್ಲಿ ಎರಡು ಪಾಲು. ಬದುಕಬಹುದು. 20x30 ಸೈಟಿಗೆ ಅದೇ ಲೆಕ್ಕ ಹಾಕಿ. 600ರಲ್ಲಿ ಉಳಿಯೋದು 315. ಜಾಗದ ಅರ್ಧ ಗಾಳಿಗೇ ಹೋಯ್ತು. ಅಗಲ ಹದಿಮೂರೂವರೆ ಅಡಿ. ಎರಡು ಕಡೆ ಗೋಡೆ ದಪ್ಪ ಕಳೆದರೆ ಒಂದು ರೂಮು, ಪಕ್ಕದಲ್ಲಿ ಮೆಟ್ಟಿಲು, ಮುಗೀತು. ಅಂಥ ಸೈಟು ತಗೊಂಡೋನು ನಿಯಮ ಮುರಿದೇ ಮುರೀತಾನೆ. ಗುತ್ತಿಗೆದಾರ ಪಾಯ ತೆಗೆದ ದಿನ ಅಲ್ಲ ಉಲ್ಲಂಘನೆ ಆಗೋದು, ಲೇಔಟ್ ನಕ್ಷೆಯಲ್ಲಿ ಆ ಸೈಟಿಗೆ ಗೆರೆ ಎಳೆದ ದಿನ.

ನೀವಿಬ್ಬರೂ ಒಂದು ಟೇಬಲ್‌ಗೆ ಬಂದ್ರೆ ಮಾತಾಡಬೇಕಾದ್ದು ಇದನ್ನ. ಚಿಕ್ಕ ಸೈಟು ಬೇಕೇ ಬೇಕು, ಬಡವರೂ ಮನೆ ಕಟ್ಟಬೇಕಲ್ಲ. ಹಾಗಿದ್ರೆ ಒಂದು ಪಕ್ಕಕ್ಕೆ ಗೋಡೆ ಹಂಚಿಕೊಂಡು ಸಾಲುಮನೆ ಥರ ಕಟ್ಟೋ ಪಟ್ಟಿಗಳನ್ನ ಲೇಔಟಲ್ಲೇ ಗುರುತಿಸಿ, ಹಿಂದೆ ಗಾಳಿ ಬೆಳಕಿಗೆ ಒಟ್ಟಿಗೆ ಜಾಗ ಬಿಡಿ. ಹಳೇ ಹಾಸನದ ಬೀದಿಗಳು ಹಂಗೇ ಇದ್ದವು, ಗೋಡೆಗೆ ಗೋಡೆ, ಹಿಂದೆ ಹಿತ್ತಲು.

ಗಾರೆಮನೆ:

ಅಣ್ಣ, ನಮ್ಮಪ್ಪ ಗಾರೆ ಕೆಲಸ, ನಾನು ಐಟಿಐ ಮಾಡಿ ಸೆಂಟ್ರಿಂಗ್ ನೋಡ್ಕೊತೀನಿ. ಟೇಬಲ್ ಟೇಬಲ್ ಅಂತೀರಲ್ಲ, ಅದರಲ್ಲಿ ಮೇಸ್ತ್ರಿಗೆ ಚೇರ್ ಇದೆಯಾ? ಸೆಟ್‌ಬ್ಯಾಕ್ ಎಲ್ಲಿ ಬಿಡಬೇಕು ಅಂತ ದಾರ ಕಟ್ಟೋನು ಅವನೇ. ನಕ್ಷೆ ಅವನಿಗೆ ಯಾರೂ ತೋರಿಸಲ್ಲ. ಓನರು ಬಂದು 'ಇನ್ನರ್ಧ ಅಡಿ ಆಚೆ ತಗೋ ಮೇಸ್ತ್ರಿ' ಅಂತಾರೆ, ಆಚೆ ತಗೋತಾನೆ. ಸಜ್ಜಾ ಪಕ್ಕದವರ ಮೇಲೆ ಹೋದ್ರೆ ಬೈಸಿಕೊಳ್ಳೋನೂ ಅವನೇ.

ಇನ್ನೊಂದು. ಇಂತಿಷ್ಟು ಖರ್ಚು ದಾಟಿದ ಮನೆಗೆಲ್ಲಾ ನಕ್ಷೆ ಪಾಸ್ ಮಾಡಿಸುವಾಗ 1 ಪರ್ಸೆಂಟ್ ಕಾರ್ಮಿಕರ ಸೆಸ್ ಕಟ್ತಾರಲ್ಲ, ಅದು ನಮ್ಮ ಹೆಸರಿನ ದುಡ್ಡು. ನಮ್ಮ ಸೈಟಲ್ಲಿ ಕೆಲಸ ಮಾಡೋ ಅರ್ಧ ಜನಕ್ಕೆ ಕಾರ್ಮಿಕರ ಕಾರ್ಡೇ ಇಲ್ಲ. ಕಾರ್ಡಿಗೆ ಬೇಕಾದ, 90 ದಿನ ಕೆಲಸ ಮಾಡಿದ್ದಾರೆ ಅನ್ನೋ ಪತ್ರ ಬರೆದುಕೊಡೋಕೆ ಗುತ್ತಿಗೆದಾರರು ಹಿಂದೆಮುಂದೆ ನೋಡ್ತಾರೆ.

ಮಟ್ಟಗೋಲು:

ತಮ್ಮ, ಚೇರ್ ಇದೆ, ನಿಮ್ಮಪ್ಪನ್ನ ಕರ್ಕೊಂಡು ಬಾ. ಕಾರ್ಡ್ ವಿಷಯ ನನಗೂ ತಾಗಿತು. ನಾಳೆ ನಮ್ಮ ಹುಡುಗರ ಪಟ್ಟಿ ಮಾಡ್ತೀನಿ.

ಗಿರಿತಪ್ಪಲು (ಚಿಕ್ಕಮಗಳೂರು, ಇಂಜಿನಿಯರ್):

ಪಕ್ಕದ ಜಿಲ್ಲೆಯಿಂದ ಒಂದು ಮಾತು. ನಿಮಗೆ ಮೂರಡಿ ಪ್ಲಿಂತ್ ಸಮಸ್ಯೆ, ನಮಗೆ ಹದಿನೈದು ಅಡಿ ಧರೆ (ಕಡಿದು ನೇರ ನಿಲ್ಲಿಸಿದ ಮಣ್ಣು) ಸಮಸ್ಯೆ. ಇಳಿಜಾರಿನಲ್ಲಿ ಲೇಔಟ್ ಮಾಡೋರು ಜೆಸಿಬಿ ತಂದು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಸೈಟು ಮಾಡ್ತಾರೆ. ಮೇಲಿನ ಸೈಟಿಗೂ ಕೆಳಗಿನ ಸೈಟಿಗೂ ಮಧ್ಯದ ಧರೆ ಯಾರದು? ತಡೆಗೋಡೆ ಯಾರು ಕಟ್ಟಬೇಕು? ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆದಿರ್ತಾರೆ, ಧರೆ ಬಗ್ಗೆ ಒಂದಕ್ಷರ ಇರಲ್ಲ. ಕೆಳಗಿನವನು ಮನೆ ಕಟ್ಟೋಕೆ ಇನ್ನೂ ಎರಡಡಿ ಧರೆ ಕಡಿದು ಪಾಯ ಹಾಕ್ತಾನೆ. ಜುಲೈ ಮಳೆಗೆ ಮೇಲಿನವನ ಕಾಂಪೌಂಡ್ ಕೆಳಗಿನವನ ಸಂಪಿನ ಮೇಲೆ.

ನಾನು ನೋಡಿದ ಒಂದು ಕಡೆ ಹಂಗೇ ಆಯ್ತು. ತಡೆಗೋಡೆ ಅಂತ ಸೈಜುಗಲ್ಲು ಒಂದರ ಮೇಲೊಂದು ಇಟ್ಟು ಮುಂದೆ ಸಿಮೆಂಟ್ ಬಳಿದಿದ್ದರು. ನೀರು ಹೊರಗೆ ಬರೋಕೆ ಒಂದೇ ಒಂದು ತೂತು ಬಿಟ್ಟಿರಲಿಲ್ಲ. ಹಿಂದಿನ ಮಣ್ಣು ನೀರು ಕುಡಿದು ಉಬ್ಬಿ, ಗೋಡೆ ಹೊಟ್ಟೆ ಬಂದಂಗೆ ಮುಂದೆ ಬಾಗಿತ್ತು. ಎರಡು ದಿನ ಎಲ್ಲರೂ ನಿಂತು ನೋಡಿದ್ರು, ಮೂರನೇ ದಿನ ರಾತ್ರಿ ಬಿತ್ತು. ಪುಣ್ಯಕ್ಕೆ ಮನೆಯಲ್ಲಿ ಯಾರೂ ಇರಲಿಲ್ಲ. ಲೇಔಟಿನವರು ಗುತ್ತಿಗೆದಾರನ ಕಡೆ ಕೈ ತೋರಿಸಿದರು, ಗುತ್ತಿಗೆದಾರ ಲೇಔಟಿನವರ ಕಡೆ. ನಾಲ್ಕು ಇಂಚಿನ ಪೈಪ್ ತುಂಡುಗಳನ್ನ ಮೀಟರಿಗೊಂದು ಇಟ್ಟಿದ್ರೆ ಸಾಕಿತ್ತು.

ಹೇಮಾವತಿನಗರದವಳು:

ಇಂಥದ್ದಕ್ಕೆ ಕೇಸ್ ಹಾಕೋಕೆ ಬರಲ್ವಾ? ಯಾರ ಮೇಲೆ ಹಾಕೋದು?

ಹಳದಿಹಸಿರು:

ರೇರಾ ಕಾಯ್ದೆ 14ನೇ ಸೆಕ್ಷನ್ ಓದಿ ಮೇಡಂ. ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷದ ಒಳಗೆ ಕಟ್ಟಡದ ದೋಷ, ಕೆಲಸದ ಗುಣಮಟ್ಟದ ದೋಷ, ಸೌಲಭ್ಯ ಒದಗಿಸೋದರಲ್ಲಿ ದೋಷ ಏನೇ ತಿಳಿಸಿದ್ರೂ ಪ್ರವರ್ತಕರು, ಅಂದ್ರೆ ಪ್ರಾಜೆಕ್ಟ್ ಮಾಡಿ ಮಾರಿದೋರು, 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ಜನ ಇದನ್ನ ಅಪಾರ್ಟ್‌ಮೆಂಟ್ ಗೋಡೆ ಬಿರುಕಿಗೆ ಮಾತ್ರ ಅಂದ್ಕೊಂಡಿದ್ದಾರೆ. ನೋಂದಾಯಿತ ಲೇಔಟೂ ಪ್ರಾಜೆಕ್ಟೇ, ಚರಂಡಿಯೂ ಸೌಲಭ್ಯವೇ. ಆದ್ರೆ ಸೈಟು ಕೊಂಡು ನೀವೇ ಬೇರೆ ಗುತ್ತಿಗೆದಾರನ ಹತ್ರ ಕಟ್ಟಿಸಿದ್ರೆ ಆ ಮನೆ ಕೆಲಸಕ್ಕೆ ರೇರಾ ಬರಲ್ಲ. ಅಲ್ಲಿಗೆ ನಿಮ್ಮ ಅಗ್ರಿಮೆಂಟೇ ಗತಿ. ಸ್ಟಾಂಪ್ ಪೇಪರ್ ಮೇಲೆ ಚದರಕ್ಕೆ ಇಷ್ಟು ಅಂತ ರೇಟು ಬರೆದು, ಮಿಕ್ಕಿದ್ದೆಲ್ಲಾ ಬಾಯಿಮಾತಲ್ಲಿ ಬಿಟ್ಟಿರ್ತೀರಿ.

ಸರ್ವೆನಂಬರ್:

ಇದನ್ನ ಓದಿ ನಮ್ಮೋರು ಇನ್ನೂ ಹೆದರ್ತಾರೆ, ಲೆವೆಲ್ ಬರೆದುಕೊಟ್ರೆ ಅದನ್ನೇ ಹಿಡ್ಕೊಂಡು ನಾಳೆ ನೋಟಿಸ್ ಕಳಿಸ್ತಾರೆ ಅಂತ. ಅದಕ್ಕೇ ಯಾರೂ ಬರೆದು ಕೊಡಲ್ಲ, ಒಳಗಿನ ಮಾತು ಹೇಳ್ತಿದ್ದೀನಿ.

ಮಟ್ಟಗೋಲು:

ಬರೆದು ಕೊಡದಿದ್ರೂ ಚರಂಡಿ ಕಟ್ಟಿಕೊಂಡ್ರೆ ನೋಟಿಸ್ ನಿಮಗೇ ಬರುತ್ತೆ ಸಾರ್. ಬರೆದು ಕೊಟ್ಟಿದ್ರೆ ಹೇಳಬಹುದಲ್ಲ, ನಾನು ಈ ಮಟ್ಟ ಕೊಟ್ಟಿದ್ದೆ, ಕಟ್ಟಿದವರು ಮೀರಿದ್ದಾರೆ ಅಂತ. ಆ ಹಾಳೆ ಕಾಯೋದು ನಿಮ್ಮನ್ನೇ.

ಸರ್ವೆನಂಬರ್:

ಈ ಕಡೆಯಿಂದ ಯೋಚನೆ ಮಾಡಿರಲಿಲ್ಲ.

ಮೂರನೇಕಂತು:

ನಾನು ಮನೆ ಸಾಲದ ಕೆಲಸ ಮಾಡ್ತೀನಿ, ಯಾವ ಬ್ಯಾಂಕ್ ಅಂತ ಕೇಳಬೇಡಿ. 2024ರ ಡಿಸೆಂಬರ್ 17ರ ಸುಪ್ರೀಂ ಕೋರ್ಟ್ ತೀರ್ಪು ಈ ಚರ್ಚೆಯಲ್ಲಿ ಯಾಕೆ ಇನ್ನೂ ಬಂದಿಲ್ಲ? ಮಂಜೂರಾದ ನಕ್ಷೆಯನ್ನ ಕಟ್ಟೋ ಜಾಗದಲ್ಲಿ ಎಲ್ಲರಿಗೂ ಕಾಣೋ ಹಾಗೆ ಹಾಕಬೇಕು, ಪೂರ್ಣಗೊಂಡ ಪ್ರಮಾಣಪತ್ರ ಇಲ್ಲದೆ ಕರೆಂಟು ನೀರು ಕೊಡಬಾರದು, ಬ್ಯಾಂಕುಗಳೂ ಅದನ್ನ ನೋಡಿಯೇ ಕಟ್ಟಡದ ಮೇಲೆ ಸಾಲ ಕೊಡಬೇಕು ಅಂತ ಅದರಲ್ಲಿದೆ. ವಿದ್ಯುತ್ ಕಂಪನಿ ಸೆಸ್ಕ್ ಕೌಂಟರ್ ಮುಂದೆ ಮೀಟರಿಗೆ ಅಂತ ನಿಂತೋರಿಗೆ ಇದರ ಬಿಸಿ ಗೊತ್ತು. ಗೃಹಪ್ರವೇಶಕ್ಕೆ ಕಾರ್ಡ್ ಹಂಚಿ ಆಗಿರುತ್ತೆ, ಮನೆಯಲ್ಲಿ ಇನ್ನೂ ಟೆಂಪರರಿ ಕನೆಕ್ಷನ್.

ಮೊದಲೆಲ್ಲಾ ಹೆಚ್ಚುಕಮ್ಮಿ ಮಾಡಿದೋರು ಅಕ್ರಮ ಸಕ್ರಮ ಬರುತ್ತೆ ಬಿಡಿ ಅಂತಿದ್ರು. ವಸತಿಗೆ ಶೇ. 50, ವಾಣಿಜ್ಯಕ್ಕೆ ಶೇ. 25ರವರೆಗಿನ ಉಲ್ಲಂಘನೆ ಸಕ್ರಮ ಮಾಡೋ ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿದೆ. ಇವತ್ತಿಗೂ ನನ್ನ ಟೇಬಲ್ ಮುಂದೆ ಕೂತು ಅದನ್ನೇ ನಂಬಿಕೊಂಡು ಮಾತಾಡ್ತಾರೆ.

ಗಾರೆಮನೆ:

ನಕ್ಷೆ ಜಾಗದಲ್ಲಿ ಹಾಕಬೇಕಾ? ನಾನು ಕೆಲಸ ಮಾಡಿದ ಯಾವ ಸೈಟಲ್ಲೂ ನೋಡಿಲ್ಲ. ದೃಷ್ಟಿಬೊಂಬೆ ಮಾತ್ರ ಎಲ್ಲಾ ಕಡೆ ಇರುತ್ತೆ.

ಹೇಮಾವತಿನಗರದವಳು:

ದೃಷ್ಟಿಬೊಂಬೆ ಕೆಳಗೇ ನಕ್ಷೆ ನೇತುಹಾಕಿ ಮಾರಾಯ್ರೆ, ಎಲ್ಲರೂ ನೋಡೋ ಜಾಗ ಅದೇ.

ಅಡ್ಡಗೋಡೆ:

ಇದೆಲ್ಲಾ ಬರಹಕ್ಕೆ ಚೆಂದ. ಸಂಘ, ಸಭೆ, ಮನವಿಪತ್ರ, ಶಾಲು, ಫೋಟೋ. ಮಾರನೇ ದಿನ ಎಲ್ಲಾ ಮಾಮೂಲಿ. ಎಲ್ಲಾ ಗೊತ್ತಿದ್ದೇ ನಡೆಯೋದು ಸ್ವಾಮಿ, ಲೆವೆಲ್ ಹಾಳೆ ಇಲ್ಲ ಅಂತ ಅಲ್ಲ. ಲಂಚದ ಮಾಮೂಲಿ ಇರೋವರೆಗೆ ಏನೂ ಆಗಲ್ಲ.

ಮಟ್ಟಗೋಲು:

ಮಾಮೂಲಿ ಬಗ್ಗೆ ನಾನು ವಾದ ಮಾಡಲ್ಲ, ಕೊಟ್ಟೋರಲ್ಲಿ ನಮ್ಮೋರೂ ಇದ್ದಾರೆ. ಆದ್ರೆ ಹತ್ತರಲ್ಲಿ ನಾಲ್ಕು ತಪ್ಪು ಗೊತ್ತಿಲ್ಲದೇ ಆಗೋದು, ನನ್ನ ಅನುಭವ. ನಾನೇ ಆರು ವರ್ಷದ ಹಿಂದೆ ಒಂದು ಮನೆ ಪ್ಲಿಂತ್ ಎರಡಡಿಗೆ ನಿಲ್ಲಿಸಿದೆ. ಆಮೇಲೆ ರಸ್ತೆಗೆ ಹಳೇ ಡಾಂಬರು ಕೆತ್ತದೇ ಅದರ ಮೇಲೇ ಎರಡು ಸಲ ಹೊಸದು ಹಾಕಿದ್ರು. ಈಗ ಆ ಮನೆ ಪೋರ್ಟಿಕೋಗೂ ರಸ್ತೆಗೂ ಒಂದು ಅಡಿ ವ್ಯತ್ಯಾಸ. ಮಳೆ ಜೋರಾದ ದಿನ ಆ ಯಜಮಾನ್ರು ಫೋನ್ ಮಾಡ್ತಾರೆ, ಬೈಯೋಕಲ್ಲ, ನೀರು ಎಲ್ಲಿವರೆಗೆ ಬಂತು ಅಂತ ಹೇಳೋಕೆ. ಬೈದಿದ್ರೇ ಚೆನ್ನಾಗಿತ್ತು.

ಮನವಿಪತ್ರ ಬೇಡ, ಶಾಲೂ ಬೇಡ. ಒಂದು ಹಾಳೆ ಸಾಕು. ಎ3 ಹಾಳೆ. ಪ್ರತಿ ಸೈಟಿನ ಮುಂದೆ ರಸ್ತೆಯ ಅಂತಿಮ ಮಟ್ಟ, ಚರಂಡಿ ತಳದ ಮಟ್ಟ, ಇಳಿಜಾರಿನ ಬಾಣದ ಗುರುತು, ರಾಂಪು ಎಲ್ಲಿವರೆಗೆ ಬರಬಹುದು ಅನ್ನೋ ಗೆರೆ. ಸೈಟಿನ ಅಳತೆಗೆ ಉಪವಿಧಿ ಪ್ರಕಾರ ಎಷ್ಟು ಬಿಡಬೇಕು ಅಂತ ಚುಕ್ಕೆಗೆರೆ. ಗಿರಿತಪ್ಪಲು ಅವರು ಹೇಳಿದಂಗೆ ಇಳಿಜಾರಿದ್ರೆ ಧರೆ ಯಾರದು ಅಂತ ಒಂದು ಸಾಲು. ಲೇಔಟಿನವರು ಇದನ್ನ ಕ್ರಯಪತ್ರದ ಜೊತೆ ಕೊಡಬೇಕು, ನಾವು ಇದು ಕೈಗೆ ಬರದೆ ಪಾಯ ತೆಗೀಬಾರದು. ಮೊದಲು ಎರಡು ಕಡೆಯವರೂ ಒಪ್ಪಿ ಒಂದು ಲೇಔಟಲ್ಲಿ ಮಾಡಿ ತೋರಿಸೋಣ. ಆಮೇಲೆ ಉಪವಿಧಿ ತಿದ್ದುಪಡಿಗೆ ಬಂದಾಗ ಇದನ್ನೇ ಹಿಡ್ಕೊಂಡು ಹೋಗಬಹುದು, ಹಳದಿ ಹಸಿರು ಅರ್ಜಿಗಳ ಮಧ್ಯೆ ಇದೂ ಒಂದು ಇರಲಿ.

ಹಳದಿಹಸಿರು:

ಹಾಳೆಯಲ್ಲಿ ಮಟ್ಟ ಬರೆದ್ರೆ ಸಾಲದು, ಯಾವುದರಿಂದ ಅಳೆದ ಮಟ್ಟ ಅಂತ ಇರಬೇಕು. ಲೇಔಟಿನ ಒಳಗೆ ಅಲುಗಾಡದ ಒಂದು ಕಲ್ಲು ನೆಟ್ಟು ಅದಕ್ಕೆ 100.00 ಅಂತ ಕೊಡಿ. ಎಲ್ಲಾ ಲೆಕ್ಕ ಅದರಿಂದ.

ಸರ್ವೆನಂಬರ್:

ಬೇಲೂರು ರಸ್ತೆ ಕಡೆ ನಮ್ಮದೊಂದು ನಡೀತಿದೆ, 46 ಸೈಟು, ಚರಂಡಿ ಕೆಲಸ ಇನ್ನೂ ಶುರುವಾಗಿಲ್ಲ. ಅದರಲ್ಲಿ ಮಾಡೋಣ. ಪಾಲುದಾರರನ್ನ ಒಪ್ಪಿಸೋ ಕೆಲಸ ನಂದು. ಅವರು ಮೊದಲು ಕೇಳೋದು ಖರ್ಚೆಷ್ಟು ಅಂತ, ಒಂದು ಕಲ್ಲು, 46 ಜೆರಾಕ್ಸು ಅಂತೀನಿ. ಹೇಮಾವತಿನಗರದ ಮೇಡಂ, ನೀವೂ ಬನ್ನಿ, ಸೈಟು ಕೊಳ್ಳೋರ ಕಣ್ಣಿಗೆ ಹಾಳೆ ಅರ್ಥ ಆಗುತ್ತಾ ನೋಡಬೇಕು.

ಹೇಮಾವತಿನಗರದವಳು:

ಬರ್ತೀನಿ. ಸೆಟ್‌ಬ್ಯಾಕ್ ಚುಕ್ಕೆಗೆರೆ ಕೆಂಪಲ್ಲಿ ಇರಲಿ. ಜೆರಾಕ್ಸ್ ಅಂದ್ರೆ ಕಪ್ಪುಬಿಳುಪು ತಾನೇ? ಕಲರ್ ಪ್ರಿಂಟ್ ಹಾಕ್ಸಿ, ಜಿಪುಣತನ ಬೇಡ.

ಸರ್ವೆನಂಬರ್:

ಆಯ್ತು ಮೇಡಂ, ಕಲರ್. ಕಲ್ಲು ಎಂಟ್ರೆನ್ಸ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಪಕ್ಕ ನೆಡೋಣ ಅಂತಿದ್ದೀನಿ, ಎಲ್ಲರಿಗೂ ಕಾಣುತ್ತೆ.

ಗಾರೆಮನೆ:

ಟ್ರಾನ್ಸ್‌ಫಾರ್ಮರ್ ಪಕ್ಕ ಬೇಡ ಅಣ್ಣ, ಕೇಬಲ್‌ಗೆ ಅಗೆದ್ರೆ ಕಲ್ಲು ಮೊದಲು ಹೋಗೋದೇ ಅಲ್ಲಿ. ಪಾರ್ಕ್ ಕಾಂಪೌಂಡ್ ಮೂಲೆಗೆ ಹಾಕಿ. ಅಪ್ಪ ಬರ್ತೀನಿ ಅಂದ್ರು, ಟ್ಯೂಬ್ ಲೆವೆಲ್ ತರ್ತಾರಂತೆ.